ಕಳ್ಳ ಕುಬಸ

ಜಮಖಂಡಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸಿದ್ದಕ್ಕನ ಟೇಪಿಗೆ ಬಾಯಿ ಇತ್ತು. ಹಾಗೆಂದು ಓಣಿಯ ಹೆಂಗಸರೇ ಹೇಳುತ್ತಿದ್ದರು, ಸಿದ್ದಕ್ಕ ಕೇಳಿ ನಗುತ್ತಿದ್ದಳು. ಬೇರೆ ಟೇಲರುಗಳು ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡರೆ ಈಕೆ ಕೂಗಿ ಹೇಳುತ್ತಿದ್ದಳು: "ಎದಿ ಮೂವತ್ತಾರು. ನಡ ಮೂವತ್ತು. ತೋಳು ಒಂಬತ್ತೂವರಿ." ಮೂರನೇ ಇಯತ್ತೆಗೇ ಸಾಲಿ ಬಿಟ್ಟವಳು. ಬರೆದಿಟ್ಟದ್ದನ್ನು ಮರೆತಾಳು, ತನ್ನ ಬಾಯಿಂದ ಹೊರಟು ತನ್ನ ಕಿವಿಗೆ ಬಿದ್ದದ್ದನ್ನು ಮಾತ್ರ ಮರೆಯಳು. ಹಿಪ್ಪರಗಿಯ ತವರಿನಲ್ಲಿ ಅವಳಪ್ಪ ಸಂಜೆ ಹಟ್ಟಿಗೆ ಬಂದ ಕುರಿಗಳನ್ನು ಹೀಗೆಯೇ ಕೂಗಿ ಎಣಿಸುತ್ತಿದ್ದ, ಒಂದೂ ತಪ್ಪುತ್ತಿರಲಿಲ್ಲ. ಮಗಳಿಗೂ ಅದೇ ಬಂತು.

ಅಂಗಡಿ ಅಂದರೆ ಮನೆಯ ಮುಂದಿನ ಪಡಸಾಲೆ. ಒಂದು ಮಷೀನು, ಒಂದು ಉದ್ದನ್ನ ಕನ್ನಡಿ, ಗೋಡೆಯ ಮೇಲೆ ಬೀರಪ್ಪದೇವರ ಫೋಟೊ. ಇಪ್ಪತ್ತೆರಡು ವರ್ಷದಿಂದ ಸಿದ್ದಕ್ಕ ಅಲ್ಲಿ ಕುಬಸ ಹೊಲಿದಳು, ಆಮೇಲೆ ಚೂಡಿದಾರ ಹೊಲಿದಳು, ಈಗೀಗ ಹೊಲಿಯುವುದಕ್ಕಿಂತ ಬಿಚ್ಚಿ ಸರಿಮಾಡುವುದೇ ಹೆಚ್ಚು. ಅವ್ವನ ಹಳೆಯ ಇಳಕಲ್ ಸೀರೆ ತಂದು ಕುರ್ತಾ ಮಾಡಿಸುವವರು ಬರುತ್ತಿದ್ದರು. ಸೆರಗಿನ ಅಂಚನ್ನು ತೋಳಿಗೆ ಹಚ್ಚಿಸುವವರು, ಟಾಪಿಗೆ ಮೊಬೈಲ್ ಹಿಡಿಯುವಷ್ಟು ಕಿಸೆ ಇಡಿಸುವವರು ಬರುತ್ತಿದ್ದರು. ಕಾಲೇಜಿನ ಹುಡುಗಿಯರು ಮೊಬೈಲಿನಲ್ಲಿ ತರಿಸಿದ ಬಟ್ಟೆಯನ್ನು ಚೀಲದಿಂದ ತೆಗೆದು ಮುಖ ಸಣ್ಣ ಮಾಡಿಕೊಂಡು ನಿಂತರೆ ಸಿದ್ದಕ್ಕ ಅದನ್ನು ಎತ್ತಿ ಹಿಡಿದು ನೋಡುವಳು.

"ಈ ಎಕ್ಸೆಲ್ ಅನ್ನಾಕಿ ಯಾರವಾ? ಅಕಿನ್ನ ಒಮ್ಮೆ ಕರಕೊಂಡು ಬರ್ರಿ, ನಾನೂ ನೋಡತೇನಿ. ಭುಜ ನೋಡಿದರ ಪೈಲ್ವಾನ, ನಡ ನೋಡಿದರ ಐದನೇತ್ತೆ ಹುಡಿಗಿ."

ಹುಡುಗಿಯರು ನಗುವರು. ಅಷ್ಟರಲ್ಲಿ ಅವರ ಅಳತೆ ಓಣಿಯ ತುದಿಯ ಚಹದಂಗಡಿಗೂ ಕೇಳಿರುತ್ತಿತ್ತು. ಯಾರಾದರೂ ನಾಚಿದರೆ, "ನಾಚಿಕಿ ಯಾತರದಬೇ, ದೇವರು ಕೊಟ್ಟ ಮೈ ಅದು, ಕದ್ದು ತಂದಿಲ್ಲಲ್ಲ," ಎಂದುಬಿಡುವಳು. ಅದು ತಪ್ಪು ಎಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ.

ಹೋದ ವರ್ಷ ಪಂಚಮಿ ಮುಗಿದ ವಾರ ಶೈಲಾ ಬಂದಳು. ಹಿಂದಿನ ಓಣಿಯ ಬೋರವ್ವನ ಸೊಸೆ, ಕಾಲೇಜಿನ ಆಫೀಸಿನಲ್ಲಿ ಕ್ಲಾರ್ಕು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಮದುವೆಯ ಕುಬಸದಿಂದ ಹಿಡಿದು ಅವಳ ಬಟ್ಟೆಯೆಲ್ಲ ಸಿದ್ದಕ್ಕನದೇ ಕೈ. ಟಾಪಿನ ಬಟ್ಟೆ ಮುಂದಿಟ್ಟು ಕನ್ನಡಿಯ ಎದುರು ನಿಂತಳು.

"ಎದಿ ಮೂವತ್ತೆಂಟು," ಎಂದು ಕೂಗಿದ ಸಿದ್ದಕ್ಕ ತಡೆದಳು. ಯುಗಾದಿಗೆ ಮೂವತ್ತಾರಿತ್ತು. ಟೇಪು ಕೆಳಗಿಳಿಸಿದಳು. "ನಡ ಮೂವತ್ಮೂರು."

"ಸಾವಕಾಶ ಅನ್ರಿ ಸಿದ್ದಕ್ಕ," ಎಂದು ಶೈಲಾ ಬಾಗಿಲ ಕಡೆ ನೋಡಿದಳು. "ಒಳಗ ಬಟ್ಟಿ ಬಿಟ್ಟು ಹೊಲೀರಿ. ಇನ್ನೂ ಹೆಚ್ಚಾಗಬಹುದಂತ ಡಾಕ್ಟರ್ ಹೇಳ್ಯಾರ. ಮತ್ತ ಈ ಮಾತು ನಮ್ಮ ಮನ್ಯಾಗ ತಗೀಬ್ಯಾಡ್ರಿ. ನಾನಾಗೇ ಹೇಳೂತನಾ ನಿಮ್ಮ ನನ್ನ ಒಳಗ ಇರಲಿ."

ಸಿದ್ದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂಬತ್ತು ವರ್ಷ. ಡಾಕ್ಟರ್ ಅಂದಳು, ಹೆಚ್ಚಾಗುತ್ತದೆ ಅಂದಳು, ಹೇಳಬೇಡಿ ಅಂದಳು. ಇನ್ನೇನು ಬೇಕು. ಮೂರು ತಿಂಗಳು ತುಂಬುವವರೆಗೆ ಇಂಥ ಮಾತನ್ನು ಕೇಳಬಾರದು, ಆಡಬಾರದು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅವಳು ಕೇಳಲಿಲ್ಲ. ಶೈಲಾಳ ಬೆನ್ನಿನ ಮೇಲೆ ಕೈಯಾಡಿಸಿ, "ಆತವಾ, ಮೈ ಕಡೆ ಲಕ್ಷ್ಯ ಇರಲಿ," ಎಂದಳು.

ಮೂರು ದಿನ ಆ ಮಾತನ್ನು ಬಾಯೊಳಗೆ ಇಟ್ಟುಕೊಂಡಳು. ನಾಲ್ಕನೆಯ ದಿನ ಬೋರವ್ವ ಹುಕ್ಕು ಕಿತ್ತ ಕುಬಸ ಹಿಡಿದುಕೊಂಡು ಬಂದು, ಕುಂತವಳೇ ಸೊಸೆಯ ಸುದ್ದಿ ತೆಗೆದಳು.

"ಏನ್ ಹೇಳಲೇ ಸಿದ್ದವ್ವ. ಆಫೀಸಿಂದ ಬಂದಾಕಿ ಹಂಗ ಉರುಳತಾಳ. ಒಂದು ಕೊಡ ಎತ್ತಿದರ ತಾಸ ತೇಕತಾಳ. ಸೊಸಿ ತಂದೇನೋ, ಸಾಹೇಬನ್ನ ತಂದೇನೋ ತಿಳೀವಲ್ದು."

"ಬೈಬ್ಯಾಡ್ರಿ ಬೋರವ್ವಾರ. ಅಕಿ ಈಗ ಕೊಡ ಎತ್ತಬಾರದು."

"ಯಾಕ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಸಿದ್ದಕ್ಕ ಮುಂದೆ ಎಷ್ಟೋ ಸಲ ಆ 'ಯಾಕ'ದ ಹತ್ತಿರ ಹೋಗಿ ನಿಂತು ನೋಡಿದ್ದಾಳೆ. ಆದರೆ ಆ ಹೊತ್ತಿಗೆ ಅವಳು ಕೊರಳಲ್ಲಿದ್ದ ಟೇಪನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದಳು. "ಎದಿ ಎರಡು ಇಂಚು, ನಡ ಮೂರು ಇಂಚು. ನನ್ನ ಟೇಪು ಸುಳ್ಳು ಹೇಳೂದಿಲ್ಲರಿ."

ಬೋರವ್ವ ಎದ್ದು ಒಳಗೆ ಹೋಗಿ, ಸಿದ್ದಕ್ಕನ ಅಡಿಗೆಮನೆಯ ಡಬ್ಬಿಯಿಂದಲೇ ಸಕ್ಕರೆ ತಂದು ಅವಳ ಬಾಯಿಗೆ ಹಾಕಿದಳು. ಶೈಲಾಳನ್ನು ಬೈಗುಳದಿಂದ ಉಳಿಸಲು ಹೇಳಿದೆ ಎಂದು ಸಿದ್ದಕ್ಕ ತನಗೆ ತಾನೇ ಹೇಳಿಕೊಂಡಳು. ಅದು ಖರೆ. ಸುದ್ದಿಯನ್ನು ಮೊದಲು ಮುಟ್ಟಿಸುವವಳು ತಾನಾಗಬೇಕೆಂಬ ಆಸೆ ಇತ್ತಲ್ಲ, ಅದೂ ಖರೆ.

ಈ ಸೀಮೆಯಲ್ಲಿ ಬಸುರಿಗೆ ಐದನೇ ತಿಂಗಳೋ ಏಳನೇ ತಿಂಗಳೋ ನಾಲ್ಕು ಜನರನ್ನು ಕರೆದು ಹಸಿರು ಸೀರೆ ಉಡಿಸಿ ಕುಬಸ ಮಾಡುತ್ತಾರೆ. ಅದಕ್ಕೂ ಮೊದಲು, ಮೂರನೇ ತಿಂಗಳಿಗೆ, ಗುಟ್ಟಾಗಿ ಮಾಡುವುದು ಕಳ್ಳ ಕುಬಸ. ಮನೆಯ ಹೆಂಗಸರು ಬಾಯಿ ಬಿಡದೆ ಕುಬಸದ ಖಣ ತಂದು ಹೊಲಿಸಿ, ಒಂದು ದಿನ ಸುಮ್ಮನೆ ಬಸುರಿಯ ಉಡಿಯಲ್ಲಿ ಇಟ್ಟುಬಿಡುತ್ತಾರೆ. ಅವಳು ನಾಚಬೇಕು, ಉಳಿದವರು ನಗಬೇಕು. ಅದಕ್ಕೇ ಬೋರವ್ವ ಸೊಸೆಯನ್ನು ಒಂದು ಮಾತೂ ಕೇಳಲಿಲ್ಲ. ಮರುದಿನವೇ ಹಸಿರು ಖಣ ತಂದುಕೊಟ್ಟಳು.

ಸಿದ್ದಕ್ಕ ಆ ಕುಬಸವನ್ನು ಹೊಲಿದಷ್ಟು ಪ್ರೀತಿಯಿಂದ ತನ್ನ ಮಗಳ ಮದುವೆಯದನ್ನೂ ಹೊಲಿದಿರಲಿಲ್ಲ. ಮೈ ಬೆಳೆದ ಹಾಗೆ ಬಿಚ್ಚಿಕೊಳ್ಳಲಿ ಎಂದು ಪಕ್ಕೆಗಳಲ್ಲಿ ಎರಡೆರಡು ಬೆರಳು ಬಟ್ಟೆ ಬಿಟ್ಟಳು. ಮುಂದೆ ಎರಡು ಸಾಲು ಕೊಂಡಿ ಹಚ್ಚಿದಳು, ಒಂದು ಈಗಿನ ಅಳತೆಗೆ, ಇನ್ನೊಂದು ಬರುವ ತಿಂಗಳುಗಳ ಅಳತೆಗೆ.

ಶುಕ್ರವಾರ ಸಂಜೆ ಶೈಲಾ ಆಫೀಸಿನಿಂದ ಬರುವ ಹೊತ್ತಿಗೆ ಬೋರವ್ವನ ಪಡಸಾಲೆಯಲ್ಲಿ ಐದು ಜನ ಮುತ್ತೈದೆಯರು ಕುಂತಿದ್ದರು. ಅವರಲ್ಲಿ ಸಿದ್ದಕ್ಕ ಒಬ್ಬಳು. ಮಣೆಯ ಮೇಲೆ ಕೂಡ್ರಿಸಿದರು. ಶೈಲಾ ನಗುನಗುತ್ತಲೇ ಕುಂತಳು, ಶ್ರಾವಣದ ಅರಿಷಿಣ ಕುಂಕುಮ ಇರಬೇಕೆಂದುಕೊಂಡಳು. ಬೋರವ್ವ ಉಡಿಯಲ್ಲಿ ಕುಬಸ ಇಟ್ಟಳು. ಶೈಲಾ ಅದನ್ನು ಬಿಡಿಸಿ ನೋಡಿದಳು. ಎರಡು ಸಾಲು ಕೊಂಡಿಯ ಮೇಲೆ ಬೆರಳು ಓಡಿಸಿದಳು.

"ಇದು ಯಾತಕ್ಕರಿ ಅತ್ತಿ?"

"ನೋಡವಾ, ಏನೂ ಗೊತ್ತಿಲ್ಲದಾಕಿ ಹಂಗ ಕೇಳತಾಳ," ಎಂದು ಒಬ್ಬಳು ನಕ್ಕಳು.

ಶೈಲಾ ನಗಲಿಲ್ಲ. ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ನನಗ ಥೈರಾಯ್ಡ್ ಐತ್ರಿ. ಗುಳಿಗಿ ತಗೋಳಾಕತ್ತೇನಿ. ಆ ಜಡ್ಡಿಗೇ ಮೈ ಬಂದೈತಿ. ಇದಕ್ಕ ಮಕ್ಕಳಾಗವಲ್ವು ಅಂತ ಮನ್ಯಾಗ ಅಂದಾರು ಅಂತ ಹೇಳಿರಲಿಲ್ಲ." ಆಮೇಲೆ ತಲೆಯೆತ್ತಿ ಸಿದ್ದಕ್ಕನನ್ನು ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ.

ಮರುದಿನ ಟಾಪು ಒಯ್ಯಲು ಬಂದಾಗ ಅವಳು ಬೈಯುತ್ತಾಳೆಂದು ಸಿದ್ದಕ್ಕ ಕಾದಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

"ಹನ್ನೊಂದು ದಿನ ಸಿದ್ದಕ್ಕ," ಎಂದಳು ಶೈಲಾ. "ನಮ್ಮತ್ತಿ ನೀರಿನ ಕೊಡ ಎತ್ತಗೊಡಲಿಲ್ಲ. ಆಫೀಸಿಂದ ಬರೂದರಾಗ ಬಿಸಿ ರೊಟ್ಟಿ, ಎಣಗಾಯಿ. ತಲಿಗೆ ಎಣ್ಣಿ ಹಚ್ಚಿದರು. ಒಂಬತ್ತು ವರ್ಷಕ್ಕ ಇವರಿಗೆ ನನ್ನ ಮ್ಯಾಲೆ ಜೀವ ಆತಲ್ಲ ಅಂತ ಸಂತೋಷ ಪಟ್ಟಿದ್ನಿ. ನನಗಂತ ಮಾಡಾಕತ್ತಾರ ಅಂದ್ಕೊಂಡಿದ್ನಿ."

ಶೈಲಾ ಟಾಪು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದಳು, ಆಮೇಲೆ ಬರಲಿಲ್ಲ.

ಅಂದಿನಿಂದ ಟೇಪಿನ ಬಾಯಿ ಕಟ್ಟಿತು. ಸಿದ್ದಕ್ಕ ಮಗಳ ಹಳೆಯ ಪಾಟಿ ಹುಡುಕಿ ತೆಗೆದು, ಬಳಪ ಹಿಡಿದು, ಅಂಕುಡೊಂಕಾದ ಅಂಕಿಗಳಲ್ಲಿ ಅಳತೆ ಬರೆಯತೊಡಗಿದಳು. ಬಂದ ಹೆಂಗಸರಿಗೆ ಅಂಗಡಿ ಬಿಕೋ ಎನಿಸಿತು. "ಯಾಕ ಸಿದ್ದಕ್ಕ, ಹಲ್ಲು ನೋಯಾಕತ್ತೇತೇನ?" ಎಂದು ಕಾಡಿದರು. ಒಂದೆರಡು ತೋಳು ಗಿಡ್ಡವಾದವು, ಒಂದು ಕುಬಸ ಕೊರಳಿಗೆ ಬಿಗಿಯಾಯಿತು.

ಗಂಡ ಸಾಬಣ್ಣ ಬಾಗಿಲಲ್ಲಿ ಕುಂತು ನೋಡಿ ನೋಡಿ ಹೇಳಿದ: "ನೀ ಏನ್ ಕೊಲಿ ಮಾಡಿಯೇನು? ತಿಳೀದ ಆಡಿದ ಮಾತು ಅದು."

"ತಿಳೀದ ಆಡಲಿಲ್ಲ. ಹೇಳಬ್ಯಾಡ ಅಂದಿದ್ಲು. ಅದು ತಿಳಿದಿತ್ತಲ್ಲ."

ಸಾಬಣ್ಣ ಎದ್ದು ಚಹ ಇಡಲು ಒಳಗೆ ಹೋದ.

ಮಹಾನವಮಿಯ ಹೊತ್ತಿಗೆ ಬೋರವ್ವ ಬಂದಳು. ಹಸಿರು ಕುಬಸವನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಳು. "ಇದನ್ನ ಇಟಗೋ ಸಿದ್ದವ್ವ. ಮನ್ಯಾಗ ಇಟ್ಟರ ಕಣ್ಣಿಗೆ ಬೀಳತೈತಿ." ಹೊಸ್ತಿಲ ತನಕ ಹೋಗಿ ತಿರುಗಿ ಹೇಳಿದಳು: "ನನಗ ಖರೇವಂದ್ರೂ ಅಕಿ ಮ್ಯಾಲೆ ಕರಳು ಬಂದೈತಿ. ಗುಳಿಗಿ ತಗೋಳಾಕಿ, ದಣೀತಾಳ. ಆದರ ಈಗ ಕೊಡ ಇಸಕೊಳ್ಳಾಕ ಹೋದರ ಅಕಿ ನನ್ನ ಮುಖಾ ನೋಡತಾಳ. ಮತ್ತ ಯಾರ ಕಡಿಂದ ಏನ್ ಕೇಳೀರಿ ಅಂತ."

ಬೋರವ್ವ ಹೋದ ಮೇಲೂ ಆ ಮಾತು ಪಡಸಾಲೆಯಲ್ಲೇ ಕುಂತಿತ್ತು. ಒಂದು ಹೊಟ್ಟೆಯ ಸುದ್ದಿ ಸುಳ್ಳಾದದ್ದಷ್ಟೇ ಅಲ್ಲ. ಒಂದು ಮನೆಯಲ್ಲಿ ಇನ್ನು ಬಿಸಿ ರೊಟ್ಟಿಗೂ ಸಂಶಯ ಹುಟ್ಟುವಂತೆ ತಾನು ಮಾಡಿದ್ದೆ ಎಂದು ಸಿದ್ದಕ್ಕನಿಗೆ ಆವಾಗ ತಿಳಿಯಿತು. ಸೀರೆ ಬದಲಿಸಿ ಕಾಲೇಜಿಗೆ ನಡೆದಳು.

ಊಟದ ಬಿಡುವು. ಶೈಲಾ ಆಫೀಸಿನ ಹಿಂದಿನ ಬೇವಿನ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿ ಒಬ್ಬಳೇ ಕುಂತಿದ್ದಳು. ಅಂಗಡಿಯಿಂದ ತಂದ ಸಿದ್ಧ ಟಾಪು ಹಾಕಿಕೊಂಡಿದ್ದಳು. ಭುಜ ತೋಳಿಗೆ ಜಾರಿತ್ತು. ಕೊರಳು ಅಗಲವಾಗಿ ಹಿಂದೆ ಪಿನ್ನು ಚುಚ್ಚಿದ್ದಳು. ಎದ್ದು ನಿಂತಾಗ ಬಟ್ಟೆ ಅವಳಿಂದ ಬೇರೆಯಾಗಿ ನಿಂತಿತ್ತು. ಸಿದ್ದಕ್ಕನ ಕಣ್ಣು ತನ್ನಷ್ಟಕ್ಕೆ ತಾನೇ ಅಳೆಯತೊಡಗಿತು, ಅವಳು ಕಣ್ಣು ತಗ್ಗಿಸಿದಳು.

"ಡಬಲ್ ಎಕ್ಸೆಲ್ ಐತಿ," ಎಂದಳು ಶೈಲಾ. "ಮೈಗೆ ಕೂಡೂದಿಲ್ಲ. ಆದರ ಅದಕ್ಕ ಬಾಯಿ ಇಲ್ಲ."

"ತಪ್ಪಾತವಾ."

"ಹೂಂ."

"ನೀ ಹೇಳಬ್ಯಾಡ ಅಂದಿದ್ದಿ. ನಾ ಹೇಳಿದ್ನಿ. ನಿನ್ನ ಸಲುವಾಗಿ ಅಂತ ಸುಳ್ಳು ಹೇಳೂದಿಲ್ಲ. ನನಗ ಹೇಳಬೇಕು ಅನಿಸಿತು, ಹೇಳಿದ್ನಿ."

ಶೈಲಾ ಡಬ್ಬಿಯ ಮುಚ್ಚಳ ಹಾಕಿದಳು. ಒಳಗಿನಿಂದ ಯಾರೋ ಕರೆದರು. "ಬರತೇನ್ರಿ," ಎಂದು ಹೋದಳು. ಅದು ಯಾರಿಗೆ ಹೇಳಿದ್ದು ಎಂದು ಸಿದ್ದಕ್ಕನಿಗೆ ತಿಳಿಯಲಿಲ್ಲ.

ದೀಪಾವಳಿಗೆ ನಾಲ್ಕು ದಿನವಿರುವಾಗ ಶೈಲಾ ಬಂದಳು. ಅಂಗಡಿ ತುಂಬಿತ್ತು. ಫಾಲ್ ಹಚ್ಚಿಸುವವರು, ಪಿಕೋ ಮಾಡಿಸುವವರು, ಎಕ್ಸೆಲ್ ಹಿಡಿದು ನಿಂತ ಇಬ್ಬರು ಹುಡುಗಿಯರು. ಶೈಲಾ ಮೂಲೆಯಲ್ಲಿ ನಿಂತಳು. ಎಲ್ಲರೂ ಹೋದ ಮೇಲೆ ಚೀಲದಿಂದ ಮೂರು ಸಡಿಲ ಟಾಪು ತೆಗೆದು ಮಷೀನಿನ ಮೇಲಿಟ್ಟಳು.

"ಇವನ್ನ ನನ್ನ ಮೈಗೆ ತರಬೇಕು. ಟೇಪು ಇಲ್ಲಿ ಕೊಡ್ರಿ."

ಸಿದ್ದಕ್ಕ ಕೊರಳಿನಿಂದ ತೆಗೆದುಕೊಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಗಿರಾಕಿಯ ಕೈಗೆ ಟೇಪು ಕೊಟ್ಟಿರಲಿಲ್ಲ. ಶೈಲಾ ಕನ್ನಡಿಯ ಮುಂದೆ ನಿಂತು ತಾನೇ ಸುತ್ತಿ, ತಾನೇ ನೋಡಿ, ಒಂದು ಕಾಗದದ ಮೇಲೆ ಬರೆದಳು. ಬೆನ್ನಿನ ಅಳತೆಗೆ ಅವಳ ಕೈ ಎಟುಕಲಿಲ್ಲ. ಎರಡು ಸಲ ಪ್ರಯತ್ನ ಮಾಡಿದಳು. ಸಿದ್ದಕ್ಕ ಕುಂತಲ್ಲಿಂದ ಏಳಲಿಲ್ಲ, ಕರೆಯದೆ ಏಳುವ ಹಕ್ಕು ತನಗಿಲ್ಲ ಎಂದು ಕುಂತಿದ್ದಳು.

ಕೊನೆಗೆ ಶೈಲಾ ಟೇಪಿನ ಒಂದು ತುದಿಯನ್ನು ಭುಜದ ಮೇಲೆ ಹಿಡಿದು ತಿರುಗಿ ನಿಂತಳು. "ಇದೊಂದು ನೋಡ್ರಿ."

ಸಿದ್ದಕ್ಕ ನೋಡಿದಳು. ತುಟಿ ಬಿಚ್ಚಲಿಲ್ಲ. ಪಾಟಿಯ ಮೇಲೆ ಬರೆದು ತೋರಿಸಿದಳು. ಆರರ ಬಾಲ ಉಲ್ಟಾ ಆಗಿತ್ತು, ಶೈಲಾ ಬೆರಳಿನಿಂದ ಒರೆಸಿ ಸರಿಯಾಗಿ ಬರೆದಳು.

"ಆ ಹಸರ ಕುಬಸ ಎಲ್ಲೈತ್ರಿ?"

ಸಿದ್ದಕ್ಕ ಪೆಟ್ಟಿಗೆಯ ತಳದಿಂದ ತೆಗೆದಳು, ಟವೆಲಿನ ಸಮೇತ. "ಬಿಚ್ಚಿಬಿಡತೇನವಾ. ಚೀಲಾ ಮಾಡಂದರ ಮಾಡತೇನಿ, ಬಿಸಾಡಂದರ ಬಿಸಾಡತೇನಿ."

"ಛಲೋ ಖಣ ಐತಿ. ಯಾಕ ಬಿಸಾಡೂದು." ಶೈಲಾ ಅದನ್ನು ಮೈಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡಳು. "ಈಗ ಎರಡನೇ ಸಾಲಿನ ಕೊಂಡಿ ಕೂಡತೈತಿ. ಬೆನ್ನು ಸ್ವಲ್ಪ ಇಳಿಸಿ ಲಾಡಿ ಹಚ್ಚರಿ. ತೋಳು ಮೊಣಕೈತನಾ ಬ್ಯಾಡ, ಗಿಡ್ಡ ಮಾಡ್ರಿ. ಹಬ್ಬಕ್ಕ ತೊಟಗೋತೇನಿ."

"ಅದನ್ನ ತೊಟಗೊಂಡರ ಓಣ್ಯಾಗ ಮಂದಿ..."

"ನನ್ನ ಅಳತಿ ಕುಬಸ ಅದು. ಮಂದೀದಲ್ಲ."

ಶೈಲಾ ಹೋದ ಮೇಲೆ ಸಿದ್ದಕ್ಕ ಮೊದಲ ಸಾಲಿನ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಖಣದ ಮೇಲೆ ಸೂಜಿ ಹೋದಲ್ಲೆಲ್ಲ ಸಣ್ಣ ತೂತು ಉಳಿದವು. ನೀರು ಚಿಮುಕಿಸಿ ಇಸ್ತ್ರಿ ಎಳೆದಳು. ಕೆಲವು ಮುಚ್ಚಿದವು. ನಾಲ್ಕೈದು ಮುಚ್ಚಲಿಲ್ಲ. ಮೇಲೆ ಪಟ್ಟಿ ಹಚ್ಚಿದರೆ ಕಾಣದಂತೆ ಆಗುತ್ತಿತ್ತು, ಪಟ್ಟಿಯ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು ಕೂಡ. ಮುಚ್ಚು ಎಂದು ಶೈಲಾ ಹೇಳಿಲ್ಲವಲ್ಲ ಎಂದು ಮತ್ತೆ ಕೆಳಗಿಟ್ಟಳು.

ಸಾಬಣ್ಣ ಚಹ ಹಿಡಿದುಕೊಂಡು ಬಂದ. "ಏನಂದ್ಲು ಬೋರವ್ವನ ಸೊಸಿ?"

"ಕುಬಸ ಸರಿ ಮಾಡ್ರಿ ಅಂದ್ಲು."

"ಮತ್ತ?"

ಸಿದ್ದಕ್ಕ ಶೈಲಾಳ ಕಾಗದವನ್ನು ಬಿಡಿಸಿ ನೋಡಿದಳು, ಮಡಿಚಿ ಸೆರಗಿನ ಗಂಟಿಗೆ ಕಟ್ಟಿಕೊಂಡಳು.

"ಅದು ನಿನಗ್ಯಾಕ," ಎಂದು ಮಷೀನು ತುಳಿಯತೊಡಗಿದಳು.