ಅಡಿಟಿಪ್ಪಣಿಯಲ್ಲಿ ಬರೆದ ಹೆಸರು

ಅರವತ್ತರ ದಶಕದ ಆರಂಭ. ಎಂ.ಎ.ಗೆ ನಾನು ಆರಿಸಿಕೊಂಡ ಪ್ರಬಂಧದ ವಿಷಯ ಕೇಳಿ, ಹೊರಗೆ ಹೇಳಬೇಡ ಎಂದಿದ್ದಳು ಅಮ್ಮ. ಮೊಗಲರ ಆಳ್ವಿಕೆಯಲ್ಲಿ ವೇಶ್ಯೆಯರಿಗಿದ್ದ ಕಾನೂನು. ಬಾದಶಹನೊಬ್ಬ ಅವರನ್ನೆಲ್ಲ ಊರಾಚೆಯ ಒಂದೇ ಕೇರಿಯಲ್ಲಿ ಇರಿಸಿ, ಗುಮಾಸ್ತನನ್ನು ನೇಮಿಸಿದ್ದ. ಅಲ್ಲಿಗೆ ಹೋಗುವ ಗಂಡಸು ತನ್ನ ಹೆಸರು ಬರೆಸಬೇಕಿತ್ತು.

ನಮ್ಮೂರು ಶಿರಾದಲ್ಲೂ ಮೊಗಲರ ಸುಬೇದಾರರಿದ್ದರು. ಆ ಕಾಲದ ನೆನಪೇನಾದರೂ ಉಳಿದಿದೆಯೇ ಎಂದು ರಜೆಯಲ್ಲಿ ಹಿಂದಿನ ಬೀದಿಯ ಅಜ್ಜಿಯನ್ನು ಕೇಳಿದೆ. ನನಗೆ ಉರ್ದು ಅಕ್ಷರ ಕಲಿಸಿದವಳು ಅವಳು. ಅವಳ ಮೊಮ್ಮಗಳಂತೆ ನಾನೂ ನಾನಿ ಎನ್ನುತ್ತಿದ್ದೆ. ಗುಮಾಸ್ತನ ಕಥೆ ಕೇಳಿ ಅಜ್ಜಿ, ಮೊಮ್ಮಗಳು ಇಬ್ಬರೂ ನಕ್ಕರು. ಆಮೇಲೆ ನಾನಿ, "ನಿಂಗೆ ಅಂತ ಹೇಳ್ತಿವ್ನಿ" ಎಂದು, ತನ್ನ ತಾಯಿ ಕುಣಿಯುವವಳಾಗಿದ್ದಳೆಂದೂ ಅದು ಸುಬೇದಾರರ ಕಾಲದಿಂದ ಬಂದ ಕಸುಬೆಂದೂ ಹೇಳಿದಳು. ತಾಯಿಯನ್ನು ಇಟ್ಟುಕೊಂಡಿದ್ದ ಯಜಮಾನರ ಹೆಸರನ್ನೂ ಹೇಳಿದಳು.

ಮಾಹಿತಿ ಕೊಟ್ಟವರ ಹೆಸರು, ಬೀದಿ ಅಡಿಟಿಪ್ಪಣಿಯಲ್ಲಿರಬೇಕೆಂಬುದು ನಮ್ಮ ಪ್ರಾಧ್ಯಾಪಕರ ನಿಯಮ. ನಾನಿಯ ಹೆಸರು, ಅವಳ ತಾಯಿಯ ಹೆಸರು ಬರೆದೆ. ಯಜಮಾನರನ್ನು 'ಊರಿನ ಗಣ್ಯರೊಬ್ಬರು' ಎಂದೆ. ಶಿರಾದಲ್ಲೇ ಟೈಪ್ ಮಾಡಲು ಕೊಟ್ಟ ಮಾಸ್ತರು ಪಕ್ಕದ ಕಳ್ಳಂಬೆಳ್ಳದವರು. ನಾನಿಯ ಮೊಮ್ಮಗಳಿಗೆ ನಿಶ್ಚಯವಾಗಿದ್ದ ಗಂಡಿನ ಮನೆಯೂ ಅಲ್ಲೇ. ನನಗೆ ಎರಡೂ ತಿಳಿದಿತ್ತು, ಜೋಡಿಸಿ ನೋಡಲಿಲ್ಲ.

ಹತ್ತು ದಿನಕ್ಕೆ, ಸುದ್ದಿ ಅಲ್ಲಿಗೆ ಮುಟ್ಟಿ, ಗಂಡಿಗೆ ಹಾಕಿದ್ದ ಉಂಗುರ ನಾನಿಯ ಮನೆಗೆ ವಾಪಸು ಬಂತು.

"ಬಾ ಬೇಟಿ. ಭಾರಿ ಓದ್ದೋಳು ಬಂದವ್ಳೆ, ಚಾಪೆ ಹಾಕಮ್ಮ," ಎಂದಳು ನಾನಿ. ಮೊಮ್ಮಗಳು ಏಳಲಿಲ್ಲ.

"ತಪ್ಪಾಯ್ತು ನಾನಿ. ಬೇಕಂತ ಮಾಡ್ಲಿಲ್ಲ."

"ಗೊತ್ತು ಕಣಮ್ಮ. ನಮ್ಮಮ್ಮನ ಹೆಸ್ರು ಬರ್ದೆ. ಆ ಯಜಮಾನ್ರದೂ ಹೇಳಿದ್ನಲ್ಲ, ಅದ್ಯಾಕೆ ಬುಟ್ಬುಟ್ಟೆ?"

ಬಿಟ್ಟದ್ದಕ್ಕೆ ಕಾರಣ ಇತ್ತು. ಆ ಯಜಮಾನರ ಮೊಮ್ಮಗ ನಮ್ಮ ತಂದೆಯ ಸ್ನೇಹಿತರು. ವಾರಕ್ಕೊಮ್ಮೆ ನಮ್ಮ ನಡುಮನೆಯಲ್ಲಿ ಕಾಫಿ ಕುಡಿಯುವವರು.

"ಆ ಬಾದಶಾನ ಗುಮಾಸ್ತನೇ ವಾಸಿ," ಎಂದಳು ಮೊಮ್ಮಗಳು, ಗೋಡೆ ನೋಡಿಕೊಂಡು. ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮೈಸೂರಿಗೆ ಹೋಗಿ ಆ ಪುಟವನ್ನು ಬೇರೆ ಟೈಪ್ ಮಾಡಿಸಿದೆ. ಈಗ ಅದರಲ್ಲಿ ಯಾರ ಹೆಸರೂ ಇಲ್ಲ. ಅದರಿಂದ ಕಳ್ಳಂಬೆಳ್ಳದವರ ಮನಸ್ಸೇನೂ ತಿರುಗಲಿಲ್ಲ. ದಸರಾ ರಜೆಗೆ ಬರುವಷ್ಟರಲ್ಲಿ ಮೊಮ್ಮಗಳನ್ನು ಪಾವಗಡದ ಒಬ್ಬ ವಿಧುರನಿಗೆ ಕೊಟ್ಟಾಗಿತ್ತು. ಅವನಿಗೆ ಮೂರು ಮಕ್ಕಳು. ಅವಳಿಗೆ ಹತ್ತೊಂಬತ್ತು ವರ್ಷ.

ಅವಳು ಗಂಡನ ಮನೆಗೆ ಹೊರಟ ದಿನ ನಾನು ಬಸ್ ನಿಲ್ದಾಣದಲ್ಲಿ ದೂರ ನಿಂತಿದ್ದೆ. ನಾನಿ ಕಿಟಕಿಯೊಳಗೆ ಕೈ ಹಾಕಿ ಅವಳ ಬುರ್ಖಾ ಸರಿಮಾಡುತ್ತಲೇ ಇದ್ದಳು. ಬಸ್ ಹೋದ ಮೇಲೂ ಆ ಕೈ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿತ್ತು. ಹತ್ತಿರ ಹೋಗಿ ಅದನ್ನು ಹಿಡಿದುಕೊಳ್ಳಲು ನನಗೆ ಮುಖವಿರಲಿಲ್ಲ.