ಅಜ್ಜಿಯ ಮೊಣಕೈ

ವಯಸ್ಸಾಗಿ ಅಜ್ಜಿಗೆ ನೆಲ ತಿಳಿಯದೆ ಹೋಯಿತು ಎಂದು ನಮ್ಮೂರು ಆದಿವಾಲದವರು ಈಗಲೂ ಹೇಳುತ್ತಾರೆ. ಸುಳ್ಳು. ಆಕೆಯ ಬಲ ಮೊಣಕೈಯನ್ನು ಹತ್ತಿರದಿಂದ ನೋಡಿದವರು ಹಾಗೆ ಹೇಳಲಾರರು. ಮರದ ತೊಗಟೆಯಂಥ ಚರ್ಮ, ಬಿರುಕುಬಿರುಕಿನಲ್ಲೂ ತೊಳೆದರೆ ಹೋಗದ ಕಪ್ಪು ಮಣ್ಣು. ಮಾಘ ಮುಗಿಯುತ್ತ ಬಂದಂತೆ ದಿನಾ ಬೆಳಗ್ಗೆ, ಬಿಸಿಲು ಬೀಳುವ ಮುಂಚೆ, ಹಿತ್ತಿಲ ಮಡಿಯಲ್ಲಿ ಬೀಜ ಊರುವಷ್ಟೇ ಆಳ ತೋಡಿ, ಕುಕ್ಕರುಗಾಲಲ್ಲಿ ಕೂತು, ಆ ಮೊಣಕೈಯನ್ನು ಮಣ್ಣಿಗೆ ಒತ್ತಿ ಕಣ್ಣು ಮುಚ್ಚುತ್ತಿದ್ದಳು. ತಣ್ಣಗೆ ಕಚ್ಚಿದರೆ ಸೆರಗು ಕೊಡವಿ ಎದ್ದುಬಿಡುವಳು. ಕಚ್ಚದ ದಿನ, ಗೋಡೆಗೆ ತಟ್ಟಿದ್ದ ಸಗಣಿ ಬಿಲ್ಲೆಗಳನ್ನು ಕಿತ್ತು ಒಡೆದು ಒಳಗಿನ ಸೌತೆ, ಹೀರೆ ಬೀಜ ಹಂಚುವಳು. ಕೇರಿಯ ಬೀಜವೆಲ್ಲ ಆ ಗೋಡೆಯಲ್ಲೇ ಇರುತ್ತಿತ್ತು.

"ಶಿವರಾತ್ರಿ ಆತಲ್ಲಜ್ಜಿ, ಚಳಿ ಹೋತು," ಎಂದು ಯಾರಾದರೂ ಅವಸರ ಮಾಡಿದರೆ, "ಚಳಿ ಪಂಚಾಂಗ ಓದ್ಕಂಡು ಹೋಗ್ತೈತೇನವ್ವಾ?" ಎನ್ನುವಳು.

ನಾನು ಪಕ್ಕದ ಮನೆಯವನು. ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ. ದುರ್ಗದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಚರ್ಚಾಕೂಟದಲ್ಲಿ ಎದುರಾಳಿಗೆ ಉಸಿರಾಡಲು ಬಿಡದವನೆಂದು ಹೆಸರಿತ್ತು. ಆ ವರ್ಷ ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇರುವಾಗಲೇ ಬಿಸಿಲು ಸುಡುತ್ತಿತ್ತು. ಊರಿಗೆ ಬಂದಿದ್ದ ನಾನು ಒಂದು ಮಧ್ಯಾಹ್ನ ಆಕೆಯ ಮಡಿಯಲ್ಲಿ ನನ್ನ ಮೊಣಕೈ ಒತ್ತಿದೆ.

"ಬೆಚ್ಚಗೈತೆ ಅಜ್ಜಿ. ನಿನ್ನ ಮೊಣಕೈ ಸಾಕ್ಷಿ ಆದ್ರೆ ನಂದೂ ಸಾಕ್ಷಿ."

"ಬೀಜ ಬರೇ ಮಧ್ಯಾಹ್ನದಾಗೆ ಬದುಕಲ್ಲ ಕಣ್ಲೇ."

"ಬೇಗ ಊರಿ ನೋಡಿದೀಯಾ? ಇಲ್ಲ. ನೋಡದೇನೆ ಆಗಲ್ಲ ಅನ್ನೋದು ಎಂಥ ನ್ಯಾಯ?"

ಆಕೆ ನಕ್ಕಳು. "ನನ್ನ ಸೋಲಿಸಿದೆ ಬಿಡಪ್ಪ ವಕೀಲ. ನೆಲಾನೂ ಒಪ್ಪಿಸು."

ಸಂಜೆಯವರೆಗೂ ವಾದಿಸಿದೆ. ಅಲ್ಲಿದ್ದವರು ನಾವಿಬ್ಬರೇ. ಮರುದಿನ ಆಕೆ ಬಿಲ್ಲೆ ಒಡೆದಳು. ಎಂದಿನಂತೆ ಯಾಕೆ ಏನು ಎನ್ನದೆ ಕೇರಿಯೆಲ್ಲ ಬೀಜ ಊರಿತು.

ಮೂರನೆಯ ದಿನ ಮಂಜು ಇಳಿಯಿತು. ನಾಲ್ಕು ಮುಂಜಾವು ಬಿಡದೆ ಚಳಿ. ಕೆದಕಿ ನೋಡಿದರೆ ಬೀಜ ಲೋಳೆಯಾಗಿ ಬೆರಳಿಗೆ ಅಂಟಿತು. ಗೋಡೆ ಬರಿದಾಗಿತ್ತು.

ಹೆಂಗಸರು ಆಕೆಯ ಅಂಗಳಕ್ಕೆ ಬಂದರು. "ಏನಜ್ಜಿ ಹಿಂಗ್ ಮಾಡಿಬಿಟ್ಟೆ? ನಿನ್ನ ನಂಬಿ ಕೆಟ್ವಲ್ಲ!"

"ಹೂಂ ಕಣ್ರವ್ವಾ. ನಂಗೇ ನೆಲ ತಿಳೀಲಿಲ್ಲ," ಅಂದಳು.

ನಾನು ಬೇಲಿಯ ಈಚೆ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮರುವರ್ಷ ಕೇರಿಯವರು ಸಂತೆಯ ಬೀಜ ತಂದು, ಶಿವರಾತ್ರಿಯ ಮಾರನೆಯ ದಿನ ತಮ್ಮ ಪಾಡಿಗೆ ತಾವು ಊರಿಕೊಂಡರು. ಆಕೆ ಮಾತ್ರ ಬೆಳಗ್ಗೆ ಮಡಿಯ ಹತ್ತಿರ ಕೂತಿರುತ್ತಿದ್ದಳಂತೆ. ಇವತ್ತು ಹೇಗಿದೆ ಎಂದು ಕೇಳುವವರಿರಲಿಲ್ಲ. ಯುಗಾದಿಗೆ ಮುಂಚೆ ತೀರಿಕೊಂಡಳು. ಸುದ್ದಿ ದುರ್ಗ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು.

ಈಗ ಆ ಮಾತು ಬಂದಾಗಲೆಲ್ಲ ತಪ್ಪು ನನ್ನದು ಅನ್ನುತ್ತೇನೆ. "ಸತ್ತೋರ ಮರ್ಯಾದೆ ಉಳ್ಸಾಕೆ ಹಂಗಂತಾನೆ, ಒಳ್ಳೇ ಹುಡುಗ," ಅಂದುಬಿಡುತ್ತಾರೆ. ಒಬ್ಬರನ್ನೂ ಒಪ್ಪಿಸಲು ನನ್ನಿಂದಾಗಿಲ್ಲ.

ಅಜ್ಜಿ, ಅವತ್ತು ಅಷ್ಟು ಜನ ಬೈಯುವಾಗ ಒಂದು ಸಲವಾದರೂ ನನ್ನ ಕಡೆ ತಿರುಗಿ ನೋಡಲಿಲ್ಲವಲ್ಲ, ಯಾಕೆ?