ಮಗ್ಗದ ಎಣಿಕೆಯಲ್ಲಿ ಬಂದ ಗುಡುಗು

ಏಪ್ರಿಲ್ ಬಂತೆಂದರೆ ನಾನು ನೆಲ ನೋಡಿ ನಡೆಯುವುದಿಲ್ಲ. ಇಚಲಕರಂಜಿಯ ನಮ್ಮ ಗಲ್ಲಿಯ ಎರಡೂ ಕಡೆ ಮಗ್ಗದ ಶೆಡ್ಡುಗಳಿವೆ. ಅವುಗಳ ತಗಡುಗಳ ನಡುವೆ ಆಕಾಶ ಬಟ್ಟೆಯ ಪಟ್ಟಿಯ ಹಾಗೆ ಉದ್ದಕ್ಕೆ ಕಾಣುತ್ತದೆ. ಬೆಳಿಗ್ಗೆ ಆ ಪಟ್ಟಿಯಲ್ಲಿ ಏನೂ ಇರುವುದಿಲ್ಲ. ಮಧ್ಯಾಹ್ನ ಹಿಂಜಿದ ಹತ್ತಿಯಂಥ ಒಂದು ಮೋಡ ಬಂದು ಕೂತಿರುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ ಅದು ಮೇಲಕ್ಕೆ ಬೆಳೆದು, ಅಂಚೆಲ್ಲ ಹೂಕೋಸಿನ ಹಾಗೆ ಉಬ್ಬಿದರೆ ನನ್ನ ಕೈ ತಾನಾಗಿ ಜೇಬಿನ ಮೊಬೈಲಿಗೆ ಹೋಗುತ್ತದೆ.

ಮೊಬೈಲಿನಲ್ಲಿ ನಮ್ಮದೊಂದು ಗ್ರೂಪ್ ಇದೆ. ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗೆ, ಆ ಕಡೆ ಕೋವಾಡದವರೆಗೆ, ಮಳೆಯ ಹುಚ್ಚು ಹಿಡಿದವರೆಲ್ಲ ಅದರಲ್ಲಿದ್ದಾರೆ. ಮುಖ ನೋಡಿದವರು ಕಡಿಮೆ. ಮಳೆಗಾಲದ ಮಳೆ ನಮಗೆ ಅಷ್ಟು ಮುಖ್ಯವಲ್ಲ, ಅದು ಹೇಗಿದ್ದರೂ ಬರುತ್ತದೆ. ನಾವು ಕಾಯುವುದು ಬೇಸಿಗೆಯ ಗುಡುಗು ಮಳೆಯನ್ನು. ಇಲ್ಲಿ ಅದಕ್ಕೆ ವಳೀವ ಎನ್ನುತ್ತಾರೆ. ಅದು ಬಂದರೂ ಬಂತು, ಬಿಟ್ಟರೂ ಬಿಟ್ಟಿತು. ಪಕ್ಕದ ಓಣಿಯಲ್ಲಿ ಸುರಿದು ನಮ್ಮ ಓಣಿಯನ್ನು ಒಣಗಿಸಿಯೇ ಹೋದದ್ದೂ ಇದೆ.

ಕೊಲ್ಹಾಪುರದ ರಿಕ್ಷಾದವನೊಬ್ಬ ದಿನಾಲೂ ರಂಕಾಳ ಕೆರೆಯ ಮೇಲಿನ ಮೋಡದ ಫೋಟೋ ಹಾಕಿ 'ಇವತ್ತ ಗ್ಯಾರಂಟಿ' ಎಂದು ಬರೆಯುತ್ತಾನೆ. ಮರುದಿನ ಎಲ್ಲರೂ ಅವನಿಗೆ ಛತ್ರಿಯ ಚಿತ್ರ ಕಳಿಸಿ ಚೇಷ್ಟೆ ಮಾಡುತ್ತಾರೆ. ಆದರೆ ಫೋಟೋ ಯಾರು ಬೇಕಾದರೂ ಹಾಕಬಹುದು. ಗ್ರೂಪಿನಲ್ಲಿ ಮಾನ ಇರುವುದು ಒಂದೇ ಮಾತಿಗೆ. ವರ್ಷದ ಮೊದಲ ಗುಡುಗನ್ನು ತನ್ನ ಕಿವಿಯಿಂದ ಕೇಳಿದವನು 'ಕೇಳಿತು' ಎಂದು ಬರೆದು ಊರಿನ ಹೆಸರು ಹಾಕುತ್ತಾನೆ. ಒಬ್ಬೊಬ್ಬರಿಗೂ ವರ್ಷಕ್ಕೆ ಒಂದೇ ಸಲ. ಮಿಂಚು ಕಂಡರೆ ಲೆಕ್ಕಕ್ಕಿಲ್ಲ. ಕೇಳಬೇಕು.

ಈ ಹುಚ್ಚು ನನಗೆ ಹಚ್ಚಿದವನು ನಮ್ಮ ಅಣ್ಣ. ಗಡಿಯ ಆಚೆಯ ನಮ್ಮ ಹಳ್ಳಿಯಿಂದ ಮೊದಲು ಮಗ್ಗಕ್ಕೆ ಬಂದವನೂ ಅವನೇ, ನನ್ನನ್ನು ಕರೆಸಿಕೊಂಡವನೂ ಅವನೇ. ಮೀಸೆ ಬಂದ ಮೇಲೆ ನನ್ನನ್ನು ರಾತ್ರಿ ಶಾಲೆಗೆ ಹಾಕಿದ. ಈಗಲೂ ನಾನು ಅಕ್ಷರ ಹುಡುಕಿ ಹುಡುಕಿ ಒಂದೇ ಬೆರಳಿನಿಂದ ಒತ್ತುತ್ತೇನೆ. ಇದನ್ನು ಬರೆಯುತ್ತಿರುವುದೂ ಹಾಗೆಯೇ. ಚಿಕ್ಕವನಿದ್ದಾಗ ಗುಡುಗಿಗೆ ಹೆದರಿ ಕೌದಿಯಲ್ಲಿ ಮುಖ ಮುಚ್ಚಿಕೊಂಡರೆ, "ಏ, ಮ್ಯಾಲ ಯಾರೋ ಕಬ್ಬಿನ ಗಾಡಿ ಖಾಲಿ ಮಾಡಾಕತ್ತಾರ, ಏಳ" ಎಂದು ಎಬ್ಬಿಸಿ ಅಂಗಳಕ್ಕೆ ಕರೆದೊಯ್ಯುತ್ತಿದ್ದ. ಅಂದಿನಿಂದ ಗುಡುಗು ಎಂದರೆ ನನಗೆ ಹೆದರಿಕೆಯಲ್ಲ, ಹಬ್ಬ.

ಆ ಅಣ್ಣನ ಕಿವಿ ಹೋಗುತ್ತಿತ್ತು. ಮಗ್ಗದ ಶೆಡ್ಡಿನಲ್ಲಿ ವಯಸ್ಸು ಕಳೆದವರಿಗೆ ಇದು ಹೊಸದಲ್ಲ. ಅಲ್ಲಿ ಯಾರೂ ಬಾಯಿಬಿಟ್ಟು ಕೂಗುವುದಿಲ್ಲ; ತುಟಿ ನೋಡಿ, ಕೈಸನ್ನೆ ನೋಡಿ ಮಾತಾಡುತ್ತೇವೆ. ಹಾಗಾಗಿ ಅವನಿಗೆ ಕೇಳಿಸುವುದಿಲ್ಲ ಎಂಬುದೇ ನಮಗೆ ಬಹಳ ತಡವಾಗಿ ಗೊತ್ತಾಯಿತು. ಡಾಕ್ಟರು ಉಳಿದದ್ದೂ ಕಡಿಮೆಯಾಗುತ್ತಾ ಹೋಗುತ್ತದೆ ಎಂದರು. ಅಣ್ಣ ಕಿವಿಗೆ ಮಷೀನು ಹಾಕಿ ನೋಡಿದ. "ಇದನ್ನ ಹಾಕ್ಕೊಂಡ್ರ ಮನ್ಯಾಗೂ ಮಗ್ಗ ನಡದಂಗ ಆಕ್ಕೈತಿ" ಎಂದು ತೆಗೆದಿಟ್ಟ.

ಈ ಸಲದ ಬೇಸಿಗೆ ಶುರುವಾದಾಗ ಅವನು ಒಂದೇ ಮಾತು ಹೇಳಿದ: "ತಮ್ಮಾ, ಈ ವರ್ಷ ಒಂದ ಗುಡುಗ ಕೇಳಿಬಿಡಬೇಕ್ ನೋಡ. ಮುಂದಿನ ವರ್ಷದ್ದು ಯಾರಿಗ ಗೊತ್ತೈತಿ."

ಅದಕ್ಕೆ ಇದ್ದ ಸಮಯವೂ ಕಡಿಮೆ. ನಮ್ಮ ಕಡೆ ಮಿರಗದ ಮಳೆ, ಅಂದರೆ ಜೂನಿನ ಮುಂಗಾರು, ಹಿಡಿದರೆ ಮುಗಿಯಿತು. ಅದು ದಿನಗಟ್ಟಲೆ ಜಿನುಗುತ್ತದೆ, ಗುಡುಗುವುದೇ ಅಪರೂಪ. ಗುಡುಗು ಬೇಕೆಂದರೆ ವಳೀವದಲ್ಲಿಯೇ ಹಿಡಿಯಬೇಕು.

ಗ್ರೂಪಿನಲ್ಲಿ ಮೋಡ ಎಲ್ಲಿದೆ ಎಂದು ಹುಡುಕುವುದಕ್ಕೆ ಒಂದು ರೀತಿ ಇದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಬೇಕು, ಗುಡುಗು ಕೇಳಿದಾಗ ನಿಲ್ಲಿಸಬೇಕು. ಎಣಿಕೆ ದೊಡ್ಡದಾದಷ್ಟೂ ಮೋಡ ದೂರ. ಎಲ್ಲರ ಎಣಿಕೆ ಸೇರಿಸಿ, ಮೋಡ ಯಾವ ಕಡೆ ಹೊರಟಿದೆ ಎಂದು ಹೇಳುವವರು ಶಿರೋಳದ ಕಾಕಾ. ಜೈನರು, ಕಬ್ಬಿನ ಹೊಲದವರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಹೊಲದ ಅಟ್ಟಣೆಯ ಮೇಲೆ ಕೂತು ಆಕಾಶ ನೋಡುವುದು ಅವರ ಬೇಸಿಗೆಯ ಕೆಲಸ.

ನಾನೂ ಅಣ್ಣನೂ ಸೇರಿ ಎಣಿಸುತ್ತಿದ್ದೆವು. ಕಣ್ಣು ಅವನದು, ಕಿವಿ ನನ್ನದು. ಮಿಂಚು ಕಂಡ ಕೂಡಲೇ ಅವನು ನನ್ನ ಅಂಗೈಯಲ್ಲಿ ಬೆರಳಿನಿಂದ ಟಕ್ ಟಕ್ ಎಂದು ತಟ್ಟುತ್ತಿದ್ದ. ಗುಡುಗು ಕೇಳಿದಾಗ ನಾನು ಮುಷ್ಟಿ ಮುಚ್ಚುತ್ತಿದ್ದೆ. ಅವನ ಬೆರಳು ಒಳಗೆ ಸಿಕ್ಕಿಕೊಳ್ಳುತ್ತಿತ್ತು.

ಮೇ ತಿಂಗಳ ಒಂದು ಸಂಜೆ ನಮ್ಮ ಓಣಿಯ ಕರೆಂಟ್ ಹೋಗಿತ್ತು. ಮಗ್ಗಗಳು ನಿಂತರೆ ಇಚಲಕರಂಜಿ ಬೇರೆಯೇ ಊರಾಗುತ್ತದೆ. ಯಾರದೋ ಮನೆಯ ಕುಕ್ಕರ್ ಸೀಟಿ, ಎಲ್ಲೋ ಮಗುವಿನ ಅಳು, ಎಲ್ಲ ನೀರಿನಡಿಯಿಂದ ಮೇಲೆದ್ದು ಬಂದಂತೆ ಕೇಳುತ್ತವೆ. ನಾವು ಮಾಳಿಗೆ ಹತ್ತಿದೆವು. ದಕ್ಷಿಣದಲ್ಲಿ ದೊಡ್ಡ ಮೋಡವೊಂದು ಒಳಗೊಳಗೇ ಹೊತ್ತಿ ಆರುತ್ತಿತ್ತು. ಅದರ ಬುಡದಲ್ಲಿ ಮಳೆ, ಮಗ್ಗಕ್ಕೆ ಹಾಸಿನ ನೂಲು ಎಳೆದಂತೆ, ಆಕಾಶದಿಂದ ನೆಲಕ್ಕೆ ಸಾಲು ಸಾಲು ಎಳೆಗಳಾಗಿ ಇಳಿದಿತ್ತು. ಅಣ್ಣ ತಟ್ಟಿದ, ನಾನು ಎಣಿಸಿದೆ. ಗುಡುಗು ನನಗೇ ಸಣ್ಣಗೆ ಕೇಳಿಸಿತು, ಅವನಿಗಿಲ್ಲ. ಹತ್ತಿರ ಬಂದರೆ ಕೇಳಬಹುದು ಎಂದು ಕೂತೆವು. ಎಣಿಕೆ ಗ್ರೂಪಿಗೆ ಹಾಕಿದೆ.

ಶಿರೋಳದ ಕಾಕಾ ಬರೆದರು: 'ಭಾಳ ದೂರ ಐತ್ರಿ. ಗಡಿ ಆಚೇನ ಹೋಗ್ತೈತಿ. ಸುಮ್ಮ ಊಟಾ ಮಾಡ್ರಿ.'

ಅಷ್ಟರಲ್ಲಿ ಕರೆಂಟ್ ಬಂತು. ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಎದ್ದವು. ಅಣ್ಣನ ಪಾಳಿ ಇತ್ತು, ಶೆಡ್ಡಿಗೆ ಹೋದ. ನಾನು ಕೆಳಗಿಳಿದು ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದಿರಲಿಲ್ಲ, ಮೋಡ ನಮ್ಮ ತಲೆಯ ಮೇಲೆಯೇ ಒಡೆಯಿತು. ಕಿಟಕಿ ನಡುಗಿತು. ತಟ್ಟೆ ಬಿಟ್ಟು ಓಡಿದೆ. ಶೆಡ್ಡಿನೊಳಗೆ ಅಣ್ಣ ನೂಲು ಕಟ್ಟುತ್ತಿದ್ದ. ತಗಡಿನ ಸಂದಿಯಿಂದ ಮಿಂಚು ಬಿದ್ದಾಗ ತಲೆ ಎತ್ತಿದ, ಕಾದ. ಸುತ್ತ ಮಗ್ಗಗಳು ಬಡಿಯುತ್ತಲೇ ಇದ್ದವು. ಆ ಸದ್ದಿನಲ್ಲಿ ನನಗೂ ಏನೂ ಕೇಳಲಿಲ್ಲ. ಮಗ್ಗ ನಿಲ್ಲಿಸಿ ಅವನನ್ನು ಹೊರಗೆ ಎಳೆದು ತರುವಷ್ಟರಲ್ಲಿ ರಸ್ತೆಯ ಮೇಲೆ ನೀರು ಹರಿಯುತ್ತಿತ್ತು, ಮೇಲೆ ಚುಕ್ಕಿ ಕಾಣುತ್ತಿದ್ದವು.

ಅಣ್ಣ ಬೆರಳುಗಳನ್ನು ಕೆಳಗೆ ಉದುರಿಸಿ ಸನ್ನೆಯಲ್ಲಿ ಕೇಳಿದ: ಬಂದು ಹೋಯಿತಾ?

ನಾನು ಹೌದೆಂದು ತಲೆ ಆಡಿಸಿದೆ. ಅವನು ತೊಯ್ದ ನೆಲದ ವಾಸನೆಯನ್ನು ಉದ್ದಕ್ಕೆ ಎಳೆದುಕೊಂಡು ಮತ್ತೆ ಒಳಗೆ ಹೋದ.

ಮರುದಿನ ಶಿರೋಳದ ಕಾಕಾ ಫೋನ್ ಮಾಡಿದರು. ಅಣ್ಣನ ಕಿವಿಯ ಸಂಗತಿ ಅವರಿಗೆ ನಾನೇ ಹೇಳಿದ್ದೆ; ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲವಂತೆ.

"ಲೆಕ್ಕಾ ಎಲ್ಲಿ ತಪ್ಪಿತ್ರಿ? ನೀವು ಹ್ಯಾಂಗ ಎಣಸ್ತೀರಿ, ನನ್ನ ಮುಂದ ಒಂದ ಸಲ ಎಣಸ್ರಿ ನೋಡೂಣು."

ನಾನು ಎಣಿಸಿದೆ. ಹತ್ತಕ್ಕೂ ಹೋಗಿರಲಿಲ್ಲ, ಆ ಕಡೆಯಿಂದ ನಗೆ.

"ತಡೀರಿ, ತಡೀರಿ! ಇದೇನ ಎಣಿಕಿ ಅನ್ರಿ, ಅರಿವಿ ನೇಯಾಕತ್ತೀರಿ ನೀವು!"

ಆಗ ನನಗೂ ಹೊಳೆಯಿತು. ನಮ್ಮ ಬೆರಳು ಗಡಿಯಾರದ ಹಾಗೆ ನಡೆಯುತ್ತಿರಲಿಲ್ಲ, ಮಗ್ಗದ ಹಾಗೆ ನಡೆಯುತ್ತಿತ್ತು. ಗಡಿಯಾರ ಒಂದು ಎನ್ನುವಷ್ಟರಲ್ಲಿ ಮಗ್ಗ ಎರಡನ್ನು ದಾಟಿರುತ್ತದೆ. ಇಚಲಕರಂಜಿಯಿಂದ ಗ್ರೂಪಿನಲ್ಲಿ ಎಣಿಸುವವರೆಲ್ಲ ಮಗ್ಗದವರೇ.

"ಅಂದ್ರ ಇಷ್ಟ ವರ್ಷ ನಿಮ್ಮ ಊರ ಮ್ಯಾಲಿನ ಮೋಡಾ ಎಲ್ಲಾ ನಾ ಕರ್ನಾಟಕಕ್ಕ ಕಳಿಸೇನಿ!" ಎಂದರು ಕಾಕಾ. ನಕ್ಕು ಮುಗಿಸಿದ ಮೇಲೆ ದನಿ ತಗ್ಗಿಸಿದರು. "ನಿಮ್ಮ ಅಣ್ಣಾರಿಗೆ ನಾನ ಊಟಾ ಮಾಡ್ರಿ ಅಂದ್ನಲ್ರಿ. ಮನಸ್ಸಿಗೆ ಹತ್ತೈತಿ. ಒಂದ ಕೆಲಸಾ ಮಾಡ್ರಿ. ಮಗ್ಗ ಇಲ್ಲದ ಊರಿಗೆ ಕರ್ಕೊಂಡ ಹೋಗ್ರಿ. ಗಡಹಿಂಗ್ಲಜ ಕಡೆ ಇನ್ನೂ ಎರಡ ದಿನ ಗಾಳಿ ಚಲೋ ಐತಿ. ಮತ್ತ ಎಣಸೂದು ಹಿಂಗ: ಒಂದ ಶೇಂಗಾ, ಎರಡ ಶೇಂಗಾ. ಸುಲದು ಬಾಯಿಗಿ ಹಾಕ್ಕೊಂಡಂಗ, ಸಾವಕಾಶ."

ನಮ್ಮ ಅಕ್ಕನನ್ನು ಕೊಟ್ಟದ್ದು ಗಡಹಿಂಗ್ಲಜದ ಹತ್ತಿರದ ಮಹಾಗಾಂವಿಗೆ. ರಜೆ ಹಾಕಿ ಗಾಡಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಅಣ್ಣ ಹಿಂದೆ ಕೂತು ಮೋಡ ಕಂಡಲ್ಲೆಲ್ಲ ನನ್ನ ಹೆಗಲು ತಟ್ಟುತ್ತಿದ್ದ.

ಅಕ್ಕ ಅಂಗಳದಲ್ಲಿ ಹಳೆಯ ಸೀರೆ ಹಾಸಿ ಕುರಡಗಿ ಒಣಗಲು ಹಾಕಿದ್ದಳು. ಗೋಧಿ ಹಾಲಿನಿಂದ ಒತ್ತಿದ ಆ ಬಿಳಿಯ ಸುರುಳಿಗಳನ್ನು ನೋಡಿ ಬಾಯಿಗೆ ಹಾಕಿಕೊಳ್ಳಲು ಹೋದ ನನ್ನ ಕೈಗೆ ಹೊಡೆದಳು.

"ಏನ ಇಬ್ರೂ ಕೂಡಿ ಬಂದೀರಿ?"

"ಮಳಿ ನೋಡಾಕ, ಅಕ್ಕಾ."

"ಮಳಿ? ನನ್ನ ಕುರಡಗಿ ಒಣಗೂ ತನಕಾ ಅದರ ಹೆಸರ ತಗದ್ರ ನೋಡ್ರಿ ಮತ್ತ! ಮಂದಿ ಊರಿಗೆ ಬರೂದಾದ್ರ ಏನರ ತರ್ತಾರ. ಇವ್ರು ಮಳಿ ತಂದಾರ."

ಆ ದಿನ ಬರಲಿಲ್ಲ. ಮರುದಿನ ಮಧ್ಯಾಹ್ನವೂ ಆಕಾಶ ಬರಿಯ ಬಿಳಿ. ಸೆಕೆಗೆ ಎಮ್ಮೆ ಬಾಯಿ ತೆರೆದು ಉಸಿರಾಡುತ್ತಿತ್ತು. ಅಣ್ಣ ಹೊರಗಿನ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದ. ಇಲ್ಲಿ ಮಾವಿನ ಮರದಲ್ಲಿ ಹಕ್ಕಿ ಕೂಗುತ್ತಿದ್ದವು. ಅವನು ಹಕ್ಕಿಯ ಕೊಕ್ಕು ನೋಡುತ್ತಿದ್ದ. ಅವು ಏನು ಹೇಳುತ್ತಿವೆ ಎಂದು ತುಟಿ ಓದಿದ ಹಾಗೆ. ಗ್ರೂಪಿನಲ್ಲಿ ರಿಕ್ಷಾದವನು 'ಮಿರಗ ಕೊಂಕಣಕ್ಕ ಬಂತು' ಎಂದು ಬರೆದಿದ್ದ. ಅದನ್ನು ಅಣ್ಣನಿಗೆ ತೋರಿಸಲಿಲ್ಲ. ಸುಳ್ಳಾಗಲಿ, ಎಂದಿನಂತೆ ಅವನ ಮಾತು ಸುಳ್ಳಾಗಲಿ ಎಂದುಕೊಂಡೆ.

ಬಿಸಿಲು ಹಳದಿಯಾಯಿತು. ಆಮೇಲೆ ಒಂದು ಥರ ಹಸಿರು. ಗಾಳಿ ನಿಂತಿತು. ಪೂರ್ವದ ಗುಡ್ಡದ ಹಿಂದಿನಿಂದ ಮೋಡ ಏಳುತ್ತಲೇ ಹೋಯಿತು. ನಾನು ಉಸಿರು ಬಿಟ್ಟರೆ ಅದು ಹಾರಿಹೋಗುತ್ತದೇನೋ ಎಂಬ ಹಾಗೆ ಕೂತಿದ್ದೆ. ಕನಸಿನಲ್ಲಿ ನಾವಿಬ್ಬರೂ ಹೀಗೆ ಕೂತದ್ದನ್ನು ಮೊದಲೇ ಕಂಡಿದ್ದೆ ಅನ್ನಿಸಿತು.

ಅಣ್ಣ ಕಣ್ಣು ತೆಗೆಯದೆ ಕೈ ಚಾಚಿದ. ನಾನು ಅಂಗೈ ಕೊಟ್ಟೆ.

ಮಿಂಚಿತು. ಅವನ ಬೆರಳು ತಟ್ಟತೊಡಗಿತು, ಅದೇ ಮಗ್ಗದ ನಡೆ. ನಾನು ಮನಸ್ಸಿನಲ್ಲಿ ಶೇಂಗಾ ಸುಲಿಯುತ್ತಿದ್ದೆ. ಗುಡುಗು ಬಂತು, ಮುಷ್ಟಿ ಮುಚ್ಚಿದೆ. ಬೆರಳು ಇನ್ನೂ ತಟ್ಟುತ್ತಲೇ ಇತ್ತು. ಅಣ್ಣ ನನ್ನ ಮುಖ ನೋಡಿದ. "ಬಂತಾ?" ಎಂದ. ನಾನು ಹೂಂ ಎಂದೆ. ಅವನು ನನ್ನ ಮುಷ್ಟಿ ಬಿಡಿಸಿ ಮತ್ತೆ ಅಂಗೈ ಮಾಡಿದ.

ಗಾಳಿ ಎದ್ದು ಅಂಗಳದ ಧೂಳೆಲ್ಲ ಕಣ್ಣಿಗೆ ಬಂತು. "ಲೇ, ಕುರಡಗೀ! ಸೀರಿ ಹಿಡೀರ್ಯೋ!" ಎಂದು ಅಕ್ಕ ಒಳಗಿನಿಂದ ಕೂಗಿದಳು. ನಾನು ಏಳಲು ಹೋದೆ. ಅಣ್ಣ ಅಂಗೈ ಬಿಡಲಿಲ್ಲ. ಅವನಿಗೆ ಅಕ್ಕನ ದನಿ ಕೇಳಿಸಿಯೇ ಇರಲಿಲ್ಲ.

ಆಗ ಗುಡ್ಡದ ಈಚೆ, ಕಬ್ಬಿನ ಮೇಲೆ, ಮತ್ತೆ ಮಿಂಚಿತು. ಟಕ್ ಟಕ್ ಟಕ್ ಟಕ್. ನನ್ನ ಕಣ್ಣು ತುಂಬ ಧೂಳು, ಕೈ ಅವನ ಕೈಯಲ್ಲಿ. ದೊಡ್ಡ ಹೊಟ್ಟೆಯೊಳಗಿಂದ ಎದ್ದ ಹಾಗೆ ಗುಡುಗು ಉರುಳುತ್ತ ಬಂತು. ನಾನು ಮುಷ್ಟಿ ಮುಚ್ಚುವುದನ್ನು ಮರೆತೇ ಬಿಟ್ಟಿದ್ದೆ.

ಬೆರಳು ನಿಂತಿತ್ತು.

ಅಂಗೈ ತೆರೆದೇ ಇತ್ತು. ಅದರ ನಡುವೆ ಅವನ ಬೆರಳು, ಸುಮ್ಮನೆ. ಗುಡುಗು ಗುಡ್ಡದ ಆ ತುದಿಗೆ ಹೋಗಿ ಆರುವವರೆಗೂ ಅವನು ಅದನ್ನು ಕದಲಿಸಲಿಲ್ಲ.

"ತಮ್ಮಾ," ಎಂದ, "ಗಾಡಿ ಖಾಲಿ ಮಾಡಾಕತ್ತಾರೋ."

ಅಕ್ಕ ಕುರಡಗಿ ಕಟ್ಟಿದ ಸೀರೆಯ ಗಂಟು ಎಳೆದುಕೊಂಡು ನಮ್ಮ ಮುಂದೆ ಬಂದು ನಿಂತಳು. "ಇಷ್ಟ ಒದರಿದ್ರೂ ನನ್ನ ದನಿ ಕೇಳೂದಿಲ್ಲ, ಗುಡುಗ ಅಷ್ಟ ಕೇಳ್ತೈತಿ ಇವಂಗ!" ಎಂದಳು. ಹಾಗೆಂದವಳು ಅಲ್ಲಿಯೇ ನಿಂತಳು. ಅವಳಿಗೂ ಅರ್ಥವಾಗಿತ್ತು. ಅರೆಬರೆ ಒಣಗಿದ ಒಂದು ಕುರಡಗಿ ಮುರಿದು ಅಣ್ಣನ ಕೈಯಲ್ಲಿಟ್ಟಳು.

ಮಳೆ ಬಂತು. ಮೊದಲು ದಪ್ಪ ಹನಿ, ಆಮೇಲೆ ಒಮ್ಮೆಲೇ. ಎಮ್ಮೆ ಕಟ್ಟುವ ಗೋಠೆಯ ತಗಡು ಬಡಿದುಕೊಳ್ಳುತ್ತಿತ್ತು, ನಾವು ಕೂಗಿ ಮಾತಾಡಬೇಕಾಯಿತು. ಅಣ್ಣ ಮಾತ್ರ ಅದನ್ನು ಬೇರೆ ಥರ ನೋಡುತ್ತಿದ್ದ.

"ಎಷ್ಟ ಸಾವಕಾಶ ಬರಾಕತ್ತೈತಿ ನೋಡ," ಎಂದ. "ಸಪ್ಪಳನ ಇಲ್ಲ."

ನಾನು ಹೌದು ಎಂದೆ. ಒಂದು ಕ್ಷಣ ನನಗೂ ಅದು ಸದ್ದಿಲ್ಲದೆಯೇ ಬೀಳುತ್ತಿದೆ ಅನ್ನಿಸಿತು.

ಅವನು ಮೊಬೈಲು ಕೇಳಿದ. ಅವನು ನನಗಿಂತಲೂ ನಿಧಾನ. ಒದ್ದೆ ಬೆರಳು ಜಾರುತ್ತಿತ್ತು, ಒರೆಸಿ ಒರೆಸಿ ಒತ್ತಿದ: 'ಕೇಳಿತು. ಮಹಾಗಾಂವ.'

ಶಿರೋಳದ ಕಾಕಾ ಅದಕ್ಕೇ ಕಾದು ಕೂತಿದ್ದರೋ ಏನೋ. ತಕ್ಷಣ ಬಂತು: 'ಎಷ್ಟ ಎಣಿಕಿಗೆ ಕೇಳಿತ್ರಿ? ಶೇಂಗಾದ ಲೆಕ್ಕಾನೋ, ಮಗ್ಗದ ಲೆಕ್ಕಾನೋ?'

ಅಣ್ಣ ಓದಿ ನಕ್ಕ. ಮೊಬೈಲು ನನಗೆ ಕೊಟ್ಟು, "ಮಗ್ಗದ್ದ ಅಂತ ಬರಿ" ಎಂದ. ನಾನು ಮ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಅಷ್ಟರಲ್ಲಿ ಮತ್ತೆ ಮಿಂಚಿತು, ಅವನ ಬೆರಳು ನನ್ನ ಮೊಣಕಾಲಿನ ಮೇಲೆ ತಟ್ಟತೊಡಗಿತು.